ಹಡಗಿನ ಮೇಲೊಂದು ಪವಿತ್ರ ಗುರುವಾರ



ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಧರ್ಮಸಭೆಯು ಕಡಲಿನಲ್ಲಿ ದುಡಿಯುವವರಿಗಾಗಿ ಪ್ರಾರ್ಥಿಸುವ ದಿನವೆಂದು ಆಚರಿಸುತ್ತದೆ. ನಮ್ಮ ಬೆಂಗಳೂರಿನ ದೇವಾಲಯಗಳಲ್ಲಿ ಆ ದಿನ ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ತಪ್ಪು ಭಕ್ತಾದಿಗಳದ್ದಲ್ಲ, ನಮ್ಮಂಥ ಗುರುಗಳದ್ದೇ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ ಊರು ನಮ್ಮದು. ನಾವು ದಿನವೂ ಕಾಣುವ ದೊಡ್ಡ ನೀರೆಂದರೆ ಹಲಸೂರು ಕೆರೆ. ಅಲ್ಲಿ ದೋಣಿ ಹತ್ತಿದವರು ಇಳಿಯುವ ಹೊತ್ತಿಗೆ ಕಡಲೆಕಾಯಿ ಪೊಟ್ಟಣವೂ ಖಾಲಿಯಾಗಿರುವುದಿಲ್ಲ. ನಮಗೂ ಕಡಲಿಗೂ ಏನು ಸಂಬಂಧ ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ.

ಆದರೆ ದಂಡು ಪ್ರದೇಶದಲ್ಲಿ, ಶಿವಾಜಿನಗರದ ಓಣಿಗಳಲ್ಲಿ, ಕೃಷ್ಣರಾಜಪುರದ ಆಚೆಯ ಹೊಸ ಬಡಾವಣೆಗಳಲ್ಲಿ ಮನೆಭೇಟಿಗೆ ಹೋದಾಗ ಯೇಸುವಿನ ತಿರುಹೃದಯದ ಪಟದ ಪಕ್ಕದಲ್ಲೇ ಇನ್ನೊಂದು ಪಟ ಎಷ್ಟೋ ಸಲ ಕಣ್ಣಿಗೆ ಬಿದ್ದಿದೆ. ಬಿಳಿ ಸಮವಸ್ತ್ರ ತೊಟ್ಟ ಹುಡುಗ, ಅವನ ಹಿಂದೆ ಹತ್ತು ಅಂತಸ್ತಿನ ಮನೆಯಂತಹ ಹಡಗು. "ಹಡಗಲ್ಲಿದ್ದಾನೆ ಫಾದರ್" ಎನ್ನುತ್ತಾರೆ ತಾಯಿ. ಆ ಮಾತಿನಲ್ಲಿ ಹೆಮ್ಮೆಯೂ ಇರುತ್ತದೆ, ನುಂಗಿಕೊಂಡ ದುಃಖವೂ ಇರುತ್ತದೆ. ನಾವು ಗುರುಗಳು ಸಾಮಾನ್ಯವಾಗಿ ಮೊದಲನೆಯದನ್ನು ಕೇಳಿಸಿಕೊಂಡು, ಕಾಫಿ ಕುಡಿದು, ಆಶೀರ್ವಾದ ಮಾಡಿ ಎದ್ದು ಬರುತ್ತೇವೆ.

ಅಂಥ ಒಂದು ಮನೆಯ ಕಥೆಯನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದರು.

ಯಜಮಾನರು ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಒಬ್ಬನೇ ಮಗ. ಸಾಲ ಮಾಡಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿಸಿದರು. ಮಗ ಊರಿನಲ್ಲೇ ದೊಡ್ಡ ಹೋಟೆಲಿನಲ್ಲಿ ಕೋಟು ತೊಟ್ಟು ನಿಲ್ಲುತ್ತಾನೆ ಎಂಬುದು ತಂದೆಯ ಕನಸು. ಅವನು ಪ್ರವಾಸಿ ಹಡಗೊಂದರಲ್ಲಿ ಕ್ಯಾಬಿನ್ ಸ್ಟೀವರ್ಡ್ ಕೆಲಸಕ್ಕೆ ಸಹಿ ಹಾಕಿ ಬಂದ. ಕ್ಯಾಬಿನ್ ಸ್ಟೀವರ್ಡ್ ಎಂದರೇನು ಎಂದು ತಂದೆ ಕೇಳಿದರು. ಹಾಸಿಗೆ ಸರಿಮಾಡುವುದು, ಕೋಣೆ ಗುಡಿಸುವುದು, ಸ್ನಾನದ ಮನೆ, ಕಕ್ಕಸು ತೊಳೆಯುವುದು ಎಂದು ಮಗ ಮುಚ್ಚುಮರೆಯಿಲ್ಲದೆ ಹೇಳಿದ. "ಯಾರದೋ ಕಕ್ಕಸು ತೊಳೆಯೋದಕ್ಕೆ ನಿನ್ನ ಓದಿಸಿದ್ನೇನೋ?" ಎಂದವರು ಅವತ್ತಿನಿಂದ ಮಗನ ಜೊತೆ ಮಾತು ಬಿಟ್ಟರು. ಫೋನ್ ಬಂದರೆ ಎದ್ದು ಹಿತ್ತಿಲಿಗೆ ಹೋಗುವರು. ಎರಡು ವರ್ಷ ಹೀಗೇ ನಡೆಯಿತು.

ನನ್ನ ಪಾಲಿನದನ್ನೂ ಇಲ್ಲಿ ಹೇಳಿಬಿಡಬೇಕು. ಆ ವರ್ಷಗಳಲ್ಲಿ ಒಂದು ಭಾನುವಾರ ಪ್ರಸಂಗದಲ್ಲಿ, ಹಣದಾಸೆಗೆ ವಯಸ್ಸಾದ ತಂದೆತಾಯಿಯನ್ನು ಬಿಟ್ಟು ದೂರ ಹೋಗುವ ಮಕ್ಕಳ ಬಗ್ಗೆ ನಾನು ಖಾರವಾಗಿಯೇ ಮಾತಾಡಿದ್ದೆ. ಆ ತಾಯಿ ಮೂರನೆಯ ಬೆಂಚಿನಲ್ಲಿ ಕುಳಿತಿದ್ದರು. ಅವರು ಒಂದು ಮಾತೂ ಆಡಲಿಲ್ಲ. ಆದರೆ ಮುಂದಿನ ಎರಡು ಭಾನುವಾರ ಬೇರೆ ದೇವಾಲಯದ ಪೂಜೆಗೆ ಹೋದರೆಂದು ನನಗೆ ಆಮೇಲೆ ತಿಳಿಯಿತು.

ಅವರ ಮದುವೆಯ ನಲವತ್ತನೆಯ ವರ್ಷಕ್ಕೆ ಮಗ ಒಂದು ಉಡುಗೊರೆ ಕಳಿಸಿದ. ತಾನಿರುವ ಹಡಗಿಗೆ ಕರೆಸಿಕೊಳ್ಳುವಷ್ಟು ಶಕ್ತಿ ಅವನಿಗಿರಲಿಲ್ಲ. ಲಕ್ಷದ್ವೀಪದ ಪ್ರವಾಸ ಸಂಸ್ಥೆಯವರು ಕೊಚ್ಚಿಯಿಂದ ನಡೆಸುತ್ತಿದ್ದ 'ಸಮುದ್ರಂ' ಎಂಬ ಐದು ದಿನಗಳ ಹಡಗು ಪ್ರವಾಸಕ್ಕೆ ಇಬ್ಬರಿಗೂ ಹಣ ಕಟ್ಟಿದ. "ನಾನು ಎಲ್ಲಿದ್ದೀನಿ ಅಂತ ಅಮ್ಮ ಒಂದು ಸಲ ನೋಡಲಿ" ಎಂದು ಬರೆದಿದ್ದನಂತೆ. ಯಜಮಾನರು ಬರುವುದಿಲ್ಲವೆಂದರು. ತಾಯಿ ನನ್ನ ಹತ್ತಿರ ಬಂದು, "ನೀವು ಬಂದ್ರೆ ಬರ್ತಾರೆ ಫಾದರ್. ನಿಮ್ಮ ಮಾತಿಗೆ ಎದುರಾಡಲ್ಲ" ಎಂದರು. ಮೂರನೆಯ ಬೆಂಚು ನೆನಪಿಗೆ ಬಂತು, ಒಪ್ಪಿಕೊಂಡೆ. ನನ್ನ ಟಿಕೆಟಿನ ಹಣವನ್ನು ನನ್ನ ಅಕ್ಕ ಕೊಟ್ಟಳು. ಅದಕ್ಕಾಗಿ ಅವಳು ಇಂದಿಗೂ ನನ್ನಿಂದ ಕೆಲಸ ತೆಗೆಸಿಕೊಳ್ಳುತ್ತಿದ್ದಾಳೆ, ಅದು ಬೇರೆ ಮಾತು.

2018ರ ಜನವರಿ. ಸಹಾಯಕ ಗುರುಗಳಿಗೆ ಧರ್ಮಕೇಂದ್ರವನ್ನು ಒಪ್ಪಿಸಿ, ಕೃಷ್ಣರಾಜಪುರ ನಿಲ್ದಾಣದಲ್ಲಿ ರಾತ್ರಿ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿದೆವು. ಮರುದಿನ, ಗಣರಾಜ್ಯೋತ್ಸವದ ದಿನ, ಕೊಚ್ಚಿಯ ವಿಲಿಂಗ್ಡನ್ ದ್ವೀಪದಿಂದ 'ಎಂ.ವಿ. ಕವರತ್ತಿ' ಹೊರಟಿತು. ಸುಮಾರು ಏಳುನೂರು ಜನ ಹಿಡಿಸುವ ಹಡಗು. ನಮ್ಮಂಥ ಪ್ರವಾಸಿಗಳು ಕೆಲವರಿದ್ದೆವು. ಉಳಿದವರು ದ್ವೀಪದ ಜನರು. ಕೊಚ್ಚಿಯ ಆಸ್ಪತ್ರೆಗಳಿಂದ ಮನೆಗೆ ಮರಳುವ ರೋಗಿಗಳು, ಓದುವ ಮಕ್ಕಳು, ಅಕ್ಕಿ ಬೇಳೆ ಕಟ್ಟಿಕೊಂಡ ಸಂಸಾರಗಳು. ನಮಗೆ ವಿಹಾರವಾದದ್ದು ಅವರಿಗೆ ಬಸ್ಸು.

ಚೀನಾ ಬಲೆಗಳು ಹಿಂದೆ ಸರಿದವು. ಸ್ವಲ್ಪ ಹೊತ್ತಿನಲ್ಲಿ ದಡವೂ ಕಾಣದಾಯಿತು. ತಾಯಿ ಕೈಯಲ್ಲಿ ಫೋನ್ ಹಿಡಿದುಕೊಂಡೇ ಕಟಕಟೆಯ ಬಳಿ ನಿಂತಿದ್ದರು. ಸಿಗ್ನಲ್ ಗೆರೆಗಳು ಒಂದೊಂದಾಗಿ ಇಳಿದು ಕೊನೆಯದೂ ಹೋದಾಗ, "ಅವನು ಫೋನ್ ಎತ್ತಲಿಲ್ಲ ಅಂತ ನಾನು ಬೈತಿದ್ದೆ ಫಾದರ್" ಎಂದರು. ಆಮೇಲೆ ಜಪಸರ ತೆಗೆದರು. ಯಜಮಾನರು ಕೋಣೆಯಲ್ಲೇ ಮಲಗಿದ್ದರು. ಸಮುದ್ರ ನೋಡಲೂ ಬರಲಿಲ್ಲ.

ಆ ರಾತ್ರಿ ಹಡಗು ಹೊಯ್ದಾಡಿತು. ಬಿರುಗಾಳಿಯೇನಲ್ಲ, ನಾವಿಕರು ಲೆಕ್ಕಕ್ಕೇ ಇಡದಷ್ಟು ಅಲೆ. ಆದರೆ ಬೆಂಗಳೂರಿನ ಹೊಟ್ಟೆಗಳಿಗೆ ಅದೇ ಸಾಕಾಯಿತು. ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ, ಆತ್ಮವು ದೇಹದಲ್ಲಿರುವುದು ನಾವಿಕನು ಹಡಗಿನಲ್ಲಿರುವ ಹಾಗೆಯೇ ಎಂಬ ಅರಿಸ್ಟಾಟಲನ ಪ್ರಶ್ನೆಯನ್ನು ವಾರಗಟ್ಟಲೆ ಚರ್ಚಿಸಿದ್ದೆವು. ಹಾಗಲ್ಲ, ಆತ್ಮ ಮತ್ತು ದೇಹ ಸೇರಿಯೇ ಒಬ್ಬ ಮನುಷ್ಯ ಎಂಬುದು ಸಂತ ತೋಮಾಸ್ ಅಕ್ವಿನಾಸರ ಉತ್ತರ. ಅಂದು ರಾತ್ರಿ ತಗಡಿನ ಬಕೆಟ್ಟಿನ ಮೇಲೆ ಬಾಗಿದ್ದಾಗ ಸಂತರ ಮಾತಿನಲ್ಲಿ ನನಗೆ ಯಾವ ಸಂಶಯವೂ ಉಳಿಯಲಿಲ್ಲ.

ನನಗಿಂತ ಯಜಮಾನರ ಪಾಡು ಕೆಟ್ಟದ್ದಾಗಿತ್ತು. ಏಳಲು ಹೋಗಿ ಮಂಚದ ಪಕ್ಕದಲ್ಲೇ ಕುಸಿದರು. ವಾಂತಿ ಅವರ ಬಟ್ಟೆಯ ಮೇಲೆ, ಕಾಲಿನ ಮೇಲೆ, ನೆಲದ ಮೇಲೆಲ್ಲ ಆಯಿತು. ತಾಯಿಗೆ ಎದ್ದು ನಿಲ್ಲುವ ಶಕ್ತಿಯಿಲ್ಲ, ನನಗೂ ಇಲ್ಲ. ಗಂಟೆ ಒತ್ತಿದೆವು. ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ಹುಡುಗ ಬಂದ. ಮಿನಿಕಾಯ್ ದ್ವೀಪದವನು, ಮುಸ್ಲಿಮ್. ಮೂಗು ಮುರಿಯಲಿಲ್ಲ, ಮುಖ ಸಿಂಡರಿಸಲಿಲ್ಲ. ಮೊದಲು ನೆಲ ಒರೆಸಿದ. ಆಮೇಲೆ ಇನ್ನೊಂದು ಬಕೆಟ್ಟಿನಲ್ಲಿ ಬಿಸಿನೀರು ತಂದು, ಕೆಳಗೆ ಕುಳಿತು, ಯಜಮಾನರ ಕಾಲುಗಳನ್ನು ತೊಳೆಯತೊಡಗಿದ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಬೇಡ, ಬೇಡಪ್ಪ" ಎಂದರು. ಹುಡುಗನಿಗೆ ಕನ್ನಡ ಬಾರದು. ನಗುತ್ತಾ ಆ ಕಾಲನ್ನು ಮತ್ತೆ ಹಿಡಿದುಕೊಂಡು, ಬೆರಳುಗಳ ಸಂದಿಯನ್ನೂ ಬಿಡದೆ ತೊಳೆದು, ಟವೆಲ್ಲಿನಿಂದ ಒರೆಸಿ, ಅರ್ಧ ನಿಂಬೆಹಣ್ಣನ್ನು ಮೂಸಿ ನೋಡಲು ಕೈಗೆ ಕೊಟ್ಟು ಹೋದ.

ಪ್ರತಿವರ್ಷ ಪವಿತ್ರ ಗುರುವಾರದಂದು ನಾನು ಹನ್ನೆರಡು ಜನರ ಪಾದ ತೊಳೆಯುತ್ತೇನೆ. ಅವರು ಮನೆಯಲ್ಲೇ ಸೋಪು ಹಾಕಿ ತೊಳೆದುಕೊಂಡು ಬಂದಿರುತ್ತಾರೆ. ಬೆಳ್ಳಿಯ ಬಟ್ಟಲು, ಇಸ್ತ್ರಿ ಮಾಡಿದ ವಸ್ತ್ರ, ಪಕ್ಕದಲ್ಲಿ ನೀರು ಹಿಡಿದ ಪೀಠಬಾಲಕ. ಸಂತ ಯೊವಾನ್ನರ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಪ್ರಭುಯೇಸು ತೊಳೆದ ಪಾದಗಳು ಅಂಥವಲ್ಲ. ಜೆರುಸಲೇಮಿನ ಬೀದಿಯ ಧೂಳು ಮೆತ್ತಿದ ಪಾದಗಳವು. ಅದು ಮನೆಯ ಆಳು ಮಾಡುವ ಕೆಲಸ. ಅದಕ್ಕೇ ಪೇತ್ರ ಕಾಲು ಹಿಂದಕ್ಕೆ ಎಳೆದುಕೊಂಡದ್ದು. ತನ್ನ ಗುರು ಆ ಕೆಲಸಕ್ಕೆ ಇಳಿದದ್ದು ಅವನಿಗೆ ಅವಮಾನವೆನಿಸಿತು. ಗುರುವಿಗೆ ಅನಿಸಲಿಲ್ಲ.

ಬೆಳಿಗ್ಗೆ ಕೋಣೆಯಲ್ಲೇ ಪೂಜೆ ಅರ್ಪಿಸಿದೆ. ಹಡಗಿನಲ್ಲಿ ಪರಿಚಯವಾದ ಕೊಚ್ಚಿಯ ಒಂದು ಕುಟುಂಬವೂ ಸೇರಿಕೊಂಡಿತು. ಅಂದು ಜನವರಿ 27, ಸಾಮಾನ್ಯ ಕಾಲದ ಮೂರನೆಯ ವಾರದ ಶನಿವಾರ. ವಾಚನ ನಾನು ಆರಿಸಿದ್ದಲ್ಲ, ಪಂಚಾಂಗದಲ್ಲೇ ಇತ್ತು: ಮಾರ್ಕನ ನಾಲ್ಕನೆಯ ಅಧ್ಯಾಯ, ದೋಣಿಯಲ್ಲಿ ಯೇಸು ನಿದ್ರಿಸುವುದು, ಬಿರುಗಾಳಿ ಅಡಗುವುದು. ಕಾಲು ನೆಲದ ಮೇಲೆ ನಿಲ್ಲದಿರುವಾಗ ಆ ಭಾಗವನ್ನು ಓದುವುದೇ ಬೇರೆ. ಒಂದು ವಿಷಯ ನನಗೆ ಆಗ ಮೊದಲ ಬಾರಿಗೆ ಹೊಳೆಯಿತು. ನಮ್ಮ ಪ್ರಭು ಬಡಗಿ, ಬೆಸ್ತರಲ್ಲ. ದೋಣಿಯಲ್ಲಿ ಅವರು ಪ್ರಯಾಣಿಕರು. ಹುಟ್ಟು ಹಾಕುತ್ತಿದ್ದವರು ಶಿಷ್ಯರು. ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಅವರು ಮಲಗಿದ್ದರೆಂದು ಮಾರ್ಕನು ಬರೆಯುತ್ತಾನೆ. ತಂದೆಯ ಮೇಲಿನ ಭರವಸೆಯಿಂದ ಮಲಗಿದ್ದರೆಂದು ನಾವು ಬೋಧಿಸುತ್ತೇವೆ, ಅದು ಸರಿಯೇ. ಹುಟ್ಟು ಹಾಕುವವರ ಕೈಗಳ ಮೇಲೂ ಅವರಿಗೆ ಭರವಸೆ ಇತ್ತೆಂದು ಹೇಳಬಹುದಲ್ಲವೇ? ಪಾದ ತೊಳೆದ ರಾತ್ರಿ ಅದೇ ಪ್ರಯಾಣಿಕರು ಆಳಾದರು. ಪುನರುತ್ಥಾನದ ನಂತರ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರಾತ್ರಿಯೆಲ್ಲ ದುಡಿದು ಬಂದವರಿಗೆ ಬಡಿಸಿ ಅಡುಗೆಯವರಾದರು.

ಪೂಜೆಯ ನಂತರ ಯಜಮಾನರು ಮಾತಾಡಲಿಲ್ಲ. ಕಾಫಿ ತಂದ ಅದೇ ಹುಡುಗನನ್ನು ನನ್ನ ಮೂಲಕ ಕೇಳಿದರು: "ರಾತ್ರಿ ನಿದ್ದೆ ಮಾಡಿದ್ಯಾ ಕೇಳಿ ಫಾದರ್." ಮಾಡಲಿಲ್ಲವಂತೆ. ನಮ್ಮಂಥವರ ಕೋಣೆಗಳು ಇನ್ನೂ ಹಲವಿದ್ದವು.

ಲಕ್ಷದ್ವೀಪದಲ್ಲಿ ದೊಡ್ಡ ಹಡಗುಗಳು ಹವಳದ ದಿಬ್ಬಗಳನ್ನು ದಾಟಿ ಒಳಗೆ ಹೋಗಲಾರವು. ಹೊರಗೆ ನಿಲ್ಲುತ್ತವೆ, ಚಿಕ್ಕ ದೋಣಿಗಳು ಪಕ್ಕಕ್ಕೆ ಬರುತ್ತವೆ. ಹಡಗಿನ ಬದಿಯ ಬಾಗಿಲಿನಿಂದ ದೋಣಿಗೆ ಕಾಲಿಡಬೇಕು. ದೋಣಿ ಒಮ್ಮೆ ಬಾಗಿಲಿನ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಆಳು ಎತ್ತರ ಕೆಳಗೆ ಇಳಿಯುತ್ತದೆ. ಇಬ್ಬರು ನಾವಿಕರು ಎರಡೂ ತೋಳು ಹಿಡಿದು, ದೋಣಿ ಏರಿದ ಆ ಒಂದು ಗಳಿಗೆಗೆ ಕಾದು, "ಈಗ!" ಎನ್ನುತ್ತಾರೆ. ಲೆಕ್ಕ ಹಾಕುತ್ತಾ ನಿಂತವರು ನಿಂತೇ ಇರುತ್ತಾರೆ. ಕಲ್ಪೇನಿಯಲ್ಲಿ ತಾಯಿ ಎರಡು ಸಲ ಹಿಂದೆ ಸರಿದರು. ಮೂರನೆಯ ಸಲ ದಾಟಿದರು. "ಕಣ್ಣು ಮುಚ್ಚಿಕೊಂಡೆ ಫಾದರ್. ಕೆಳಗಿಂದ ಎರಡು ಕೈ ಬಂತು" ಎಂದರು. ವಿಶ್ವಾಸದ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳಲ್ಲಿ ಇದಕ್ಕಿಂತ ಹೆಚ್ಚಿನದೇನಾದರೂ ಇತ್ತೇ ಎಂದು ನೆನಪು ಮಾಡಿಕೊಳ್ಳುತ್ತಿದ್ದೇನೆ.

ಮರುದಿನ ಭಾನುವಾರ ಮಿನಿಕಾಯ್. ಇಳಿಯುವ ಮುಂಚೆ ಪೂಜೆಯಲ್ಲಿ ಸಂತ ಪೌಲರ ಹಡಗಿನ ಕಥೆಯನ್ನು ಹೇಳಿದೆ. ಪ್ರೇಷಿತರ ಕಾರ್ಯಕಲಾಪಗಳ 27 ಮತ್ತು 28ನೆಯ ಅಧ್ಯಾಯಗಳನ್ನು ಮನೆಯಲ್ಲಿ ತೆಗೆದು ಓದಿ. 276 ಜನರಿದ್ದ ಹಡಗು, ಹದಿನಾಲ್ಕು ದಿನ ಬಿರುಗಾಳಿಗೆ ಸಿಕ್ಕಿತು. ರಾತ್ರಿಯ ಕತ್ತಲಲ್ಲಿ ನೀರಿನ ಆಳ ಅಳೆದದ್ದು, ಹಿಂಭಾಗದಿಂದ ನಾಲ್ಕು ಲಂಗರು ಬಿಟ್ಟದ್ದು, ಎಲ್ಲವೂ ಅಲ್ಲಿದೆ. ಕೈದಿಯಾಗಿ ಹೋಗುತ್ತಿದ್ದ ಪೌಲರು ಎಲ್ಲರ ಮುಂದೆ ರೊಟ್ಟಿ ತೆಗೆದುಕೊಂಡು, ದೇವರಿಗೆ ವಂದಿಸಿ, ಮುರಿದು ತಿಂದರು. ನಾವು ಪ್ರಸಂಗಗಳಲ್ಲಿ ಸಾಧಾರಣವಾಗಿ ಇಲ್ಲಿಗೆ ನಿಲ್ಲಿಸುತ್ತೇವೆ. ಮುಂದಿನ ಅಧ್ಯಾಯದಲ್ಲಿ, ಮಾಲ್ಟಾ ದ್ವೀಪದ ದಡದಲ್ಲಿ ಮಳೆಯಲ್ಲಿ ನೆನೆದು ನಡುಗುತ್ತಿದ್ದ ಜನರಿಗಾಗಿ ಬೆಂಕಿ ಉರಿಯುತ್ತಿರುತ್ತದೆ. ಆಗ ಪೌಲರು ಏನು ಮಾಡುತ್ತಿದ್ದರು? ಸೌದೆ ಆರಿಸುತ್ತಿದ್ದರು. ಆ ಸೌದೆಯ ಹೊರೆಯಿಂದಲೇ ಹಾವು ಹೊರಬಿದ್ದದ್ದು. ಹಾವಿನ ಕಥೆ ನಮಗೆಲ್ಲ ನೆನಪಿದೆ, ಸೌದೆಯದು ನೆನಪಿಲ್ಲ. ಇಷ್ಟೊಂದು ಪತ್ರಗಳನ್ನು ಬರೆದ ಪ್ರೇಷಿತರು, ರೋಮಾಪುರಿಯ ಪ್ರಜೆ, ಯಾರದೋ ಚಳಿಗೆ ಪುಳ್ಳೆ ಆರಿಸಿದರು.

ನಮ್ಮ ದಂಡು ಪ್ರದೇಶದ ಪ್ರಧಾನಾಲಯ ಯಾರ ಹೆಸರಿನಲ್ಲಿದೆಯೋ ಆ ಸಂತ ಫ್ರಾನ್ಸಿಸ್ ಜೇವಿಯರರ ಕಥೆಯೂ ಬೇರೆಯಲ್ಲ. 1541ರ ಏಪ್ರಿಲ್ 7ರಂದು, ತಮ್ಮ ಮೂವತ್ತೈದನೆಯ ಹುಟ್ಟುಹಬ್ಬದ ದಿನ, ಲಿಸ್ಬನ್‌ನಲ್ಲಿ ಹಡಗು ಹತ್ತಿದವರು ಗೋವೆ ಮುಟ್ಟಿದ್ದು 1542ರ ಮೇ 6ರಂದು, ಹದಿಮೂರು ತಿಂಗಳ ಮೇಲೆ. ಎರಡು ತಿಂಗಳು ಅವರಿಗೂ ಕಡಲ ಬೇನೆ ಹಿಡಿದಿತ್ತು. ಜಗದ್ಗುರುಗಳ ಪ್ರತಿನಿಧಿಯಾದವರು ಹಡಗಿನಲ್ಲಿ ಎಲ್ಲರ ಕಣ್ಣೆದುರು ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುವುದು ಅವರ ಘನತೆಗೆ ಸಲ್ಲದು, ಒಬ್ಬ ಆಳನ್ನಾದರೂ ಇಟ್ಟುಕೊಳ್ಳಿ ಎಂದು ರಾಜನ ಅಧಿಕಾರಿ ಒತ್ತಾಯಿಸಿದನಂತೆ. ಸಂತರು ಒಪ್ಪಲಿಲ್ಲ. ಅಂಥ ಘನತೆಯೇ ಧರ್ಮಸಭೆಯನ್ನು ಈ ಸ್ಥಿತಿಗೆ ತಂದಿದೆ ಎಂಬರ್ಥದ ಉತ್ತರ ಕೊಟ್ಟರೆಂದು ಅವರ ಚರಿತ್ರೆಕಾರರು ಬರೆಯುತ್ತಾರೆ. ಹಡಗಿನಲ್ಲಿ ಕಾಯಿಲೆ ಬಿದ್ದವರ ಆರೈಕೆಯನ್ನೂ ಅವರೇ ಮಾಡಿದರು. ವಾಂತಿ ಬಾಚುವುದು, ಹುಣ್ಣು ತೊಳೆಯುವುದು, ಆ ಕಾಲದಲ್ಲಿ ಆರೈಕೆ ಎಂದರೆ ಇದೇ. ಡಿಸೆಂಬರ್ 3ರ ಹಬ್ಬದಲ್ಲಿ ನಾವು ಅವರ ದೀಕ್ಷಾಸ್ನಾನಗಳ ಲೆಕ್ಕವನ್ನು ಹೇಳುತ್ತೇವೆ, ಆ ಬಕೆಟ್ಟನ್ನು ಹೇಳುವುದಿಲ್ಲ.

ಇದನ್ನೆಲ್ಲ ಅಂದು ಪೂಜೆಯಲ್ಲಿ ಹೇಳುವಾಗ ನಾನು ಯಜಮಾನರ ಮುಖ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಹೇಳಬೇಕಾದದ್ದು ನನಗೇ ಹೆಚ್ಚು ಇತ್ತು.

ಮಿನಿಕಾಯ್ ಹಿಂದಿನಿಂದಲೂ ನಾವಿಕರ ದ್ವೀಪ. ಅಲ್ಲಿನ ಗಂಡಸರು ಪ್ರಪಂಚದ ಹಡಗುಗಳಲ್ಲೆಲ್ಲ ದುಡಿಯುತ್ತಾರೆ. ಮನೆ, ಊರಿನ ವ್ಯವಹಾರ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿ. 1885ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿದೆ. ನಾನು ಮೆಟ್ಟಿಲು ಹತ್ತಿ ಬಂದೆ. ಯಜಮಾನರು ಹತ್ತಲಿಲ್ಲ. ತೆಂಗಿನ ನೆರಳಿನಲ್ಲಿ ಒಬ್ಬ ಮುದುಕರ ಜೊತೆ ಕುಳಿತು, ಹಿಂದಿ ಬಲ್ಲ ಹುಡುಗನೊಬ್ಬನನ್ನು ನಡುವೆ ಇಟ್ಟುಕೊಂಡು ಮಾತಾಡುತ್ತಿದ್ದರು. ಆ ಮುದುಕರು ಮೂವತ್ತು ವರ್ಷ ಹಡಗುಗಳಲ್ಲಿ ಇದ್ದವರು, ಮಕ್ಕಳೂ ಹಡಗಿನಲ್ಲೇ. ಯಾವ ಕೆಲಸ ಎಂದು ಇವರು ಕೇಳಿದರಂತೆ. ಅಡುಗೆ, ಡೆಕ್ ತೊಳೆಯುವುದು, ಕೊಟ್ಟ ಕೆಲಸ ಎಂದರಂತೆ. ನಾಚಿಕೆ ಅನಿಸಲಿಲ್ಲವೇ ಎಂದು ಕೇಳಿಸಿದಾಗ ಮುದುಕರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲವಂತೆ. ಎರಡೆರಡು ಸಲ ತಿರುಗಿಸಿ ಹೇಳಬೇಕಾಯಿತಂತೆ. ಇದನ್ನು ಯಜಮಾನರೇ ದೋಣಿಯಲ್ಲಿ ನನಗೆ ಹೇಳಿದರು. ಎರಡು ದಿನಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು.

ಪ್ರಿಯರೇ, ಪ್ರವಾಸಿ ಹಡಗಿನಲ್ಲಿ ಪ್ರಯಾಣಿಕರ ಕಣ್ಣಿಗೆ ಬೀಳುವುದು ಸೂರ್ಯಾಸ್ತ, ಊಟದ ಮೇಜು, ನೀಲಿ ನೀರು. ಸ್ವಲ್ಪ ಲೆಕ್ಕವನ್ನೂ ನೋಡೋಣ. 2022ರ ನವೆಂಬರ್ 28ರಂದು ನವಮಂಗಳೂರು ಬಂದರಿಗೆ 'ಯುರೋಪಾ 2' ಎಂಬ ಪ್ರವಾಸಿ ಹಡಗು ಬಂತು. ಪ್ರಯಾಣಿಕರು 271, ಸಿಬ್ಬಂದಿ 373. ಒಬ್ಬ ಪ್ರಯಾಣಿಕನ ಹಿಂದೆ ಒಬ್ಬರಿಗಿಂತ ಹೆಚ್ಚು ದುಡಿಯುವವರು! 2020ರ ಫೆಬ್ರವರಿಯಲ್ಲಿ ಕೊರೋನಾ ಸೋಂಕಿನಿಂದ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿಯಲಾದ 'ಡೈಮಂಡ್ ಪ್ರಿನ್ಸೆಸ್' ಹಡಗಿನಲ್ಲಿ 138 ಭಾರತೀಯರಿದ್ದರು. ಅವರಲ್ಲಿ 132 ಮಂದಿ ಸಿಬ್ಬಂದಿ. ಪ್ರಯಾಣಿಕರನ್ನು ಕೋಣೆಯೊಳಗೆ ಇರಿಸಿದ್ದಾಗ ಅವರ ಬಾಗಿಲಿಗೆ ಊಟ ಮುಟ್ಟಿಸಿದವರು ಇವರೇ. ಹಡಗಿನ ಕೆಲಸಗಾರರಿಗೆ ದಿನಕ್ಕೆ ಕನಿಷ್ಠ ಹತ್ತು ಗಂಟೆ ವಿಶ್ರಾಂತಿ ಇರಬೇಕೆಂದು ಅಂತರರಾಷ್ಟ್ರೀಯ ಒಪ್ಪಂದವೊಂದು 2013ರಿಂದ ಜಾರಿಯಲ್ಲಿದೆ, ಭಾರತವೂ ಅದನ್ನು ಒಪ್ಪಿಕೊಂಡಿದೆ. ಕನಿಷ್ಠವನ್ನೂ ಕಾಯ್ದೆಯಲ್ಲಿ ಬರೆಯಬೇಕಾಯಿತೆಂದರೆ ಅದಕ್ಕೆ ಮುಂಚೆ ಹೇಗಿತ್ತೆಂದು ಊಹಿಸಿಕೊಳ್ಳಿ. ಬಂದರುಗಳಲ್ಲಿ ಇಂಥವರನ್ನು ಕಂಡು ಮಾತಾಡಿಸಲೆಂದೇ 1920ರಲ್ಲಿ ಗ್ಲಾಸ್ಗೋ ನಗರದಲ್ಲಿ ಆರಂಭವಾದ ಸೇವೆಯೇ ಇಂದಿನ 'ಸ್ಟೆಲ್ಲಾ ಮಾರಿಸ್', ಎಂದರೆ ಸಮುದ್ರತಾರೆ. ನಮ್ಮ ತಾಯಿ ಮರಿಯಮ್ಮನವರ ಹೆಸರು ಅದು. ಶಿವಾಜಿನಗರದ ಬಸಿಲಿಕದಲ್ಲಿ ಸೆಪ್ಟೆಂಬರ್ 8ರಂದು ಕಾವಿ ಉಟ್ಟು ತೇರಿನ ಹಿಂದೆ ನಡೆಯುತ್ತೇವಲ್ಲ, ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ನಾವಿಕರು ವೇಳಾಂಗಣ್ಣಿಯ ದಡ ಸೇರಿದ ದಿನವೂ ಅದೇ ಎಂಬುದು ಪರಂಪರೆ. ನಾವಿಕರ ಹರಕೆಯ ಹಬ್ಬದಲ್ಲಿ ನಾವಿಕರ ತಾಯಂದಿರಿಗಾಗಿ ಒಂದು ಬಿನ್ನಹವನ್ನಾದರೂ ಸೇರಿಸಿಕೊಳ್ಳಬಹುದಲ್ಲವೇ?

ಕವರತ್ತಿ ನೋಡಿಕೊಂಡು ಮಂಗಳವಾರ ಬೆಳಿಗ್ಗೆ ಕೊಚ್ಚಿ ಮುಟ್ಟಿದೆವು. ಇಳಿಯುವಾಗ ಯಜಮಾನರು ಆ ಹುಡುಗನಿಗೆ ಹಣ ಕೊಡಲು ಹೋದರು. ಆಮೇಲೆ ಏನನ್ನಿಸಿತೋ, ಹಣವನ್ನು ಜೇಬಿಗೆ ಹಾಕಿಕೊಂಡು ಅವನ ಎರಡೂ ಕೈ ಹಿಡಿದುಕೊಂಡು ನಿಂತರು. ಹಿಂದಿನವರು ಅವಸರ ಮಾಡುತ್ತಿದ್ದರು. ದಡದಲ್ಲಿ ಫೋನಿಗೆ ಸಿಗ್ನಲ್ ಬಂತು. ಹೆಂಡತಿಯ ಕೈಯಿಂದ ಫೋನ್ ತೆಗೆದುಕೊಂಡು ತಾವೇ ಒತ್ತಿದರು. ಗಂಟೆಯೇ ಆಗಲಿಲ್ಲ. ಮತ್ತೆ ಒತ್ತಿದರು. "ಹಡಗು ನಡುನೀರಲ್ಲಿರುತ್ತೆ ರೀ" ಎಂದರು ತಾಯಿ. "ಅಲ್ಲಿ ಈಗ ಎಷ್ಟು ಗಂಟೆ?" ಎಂದು ಕೇಳಿದರು. ಆ ತಾಯಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಆ ವರ್ಷದ ಪಾಸ್ಖ ಹಬ್ಬ ಏಪ್ರಿಲ್ 1ಕ್ಕೆ ಬಂತು. ಹಬ್ಬದ ನಂತರ ಮನೆಗಳನ್ನು ಮಂತ್ರಿಸುತ್ತಾ ಅವರಲ್ಲಿಗೆ ಹೋದಾಗ ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು. ಒಂದು ಹಳೆಯದು, ಇನ್ನೊಂದು ಹೊಸದು. ಹೊಸದನ್ನು ಸ್ಟೂಲ್ ಹತ್ತಿ ಯಜಮಾನರೇ ತಿರುಗಿಸುವರಂತೆ. ಭಾನುವಾರ ಮಗ ಫೋನ್ ಮಾಡಿದಾಗ ಹಡಗು ಯಾವ ಕಡೆಗಿದೆ ಎಂದು ಕೇಳಿಕೊಂಡು ಮುಳ್ಳು ಸರಿಮಾಡುವರಂತೆ. 2020ರಲ್ಲಿ ಪ್ರವಾಸಿ ಹಡಗುಗಳೆಲ್ಲ ನಿಂತಾಗ ಅವನು ಮನೆಗೆ ಬರಲಾರದೆ ತಿಂಗಳುಗಟ್ಟಲೆ ಲಂಗರು ಹಾಕಿದ ಹಡಗಿನಲ್ಲೇ ಉಳಿದ. ಆಗ ಮುಳ್ಳು ತಿರುಗಿಸುವ ಕೆಲಸವಿರಲಿಲ್ಲ. ಆದರೂ ಸ್ಟೂಲ್ ಹತ್ತಿ ಗಾಜು ಒರೆಸುತ್ತಿದ್ದರೆಂದು ತಾಯಿ ಹೇಳಿದರು.

ಕಳೆದ ವಾರ ಆ ಕಡೆ ಹೋಗಿದ್ದೆ. ಹೊಸ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದಿತ್ತು. "ಮಾಲ್ಟಾದಲ್ಲಿದ್ದಾನೆ ಫಾದರ್" ಎಂದರು ಯಜಮಾನರು. "ಇನ್ನೂ ಊಟದ ಹೊತ್ತಾಗಿಲ್ಲ ಅವನಿಗೆ." ನಾನು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲವರೆಗೂ ಬಂದು ಕೇಳಿದರು: "ಪೌಲಪ್ಪನವರು ಸೌದೆ ಆರಿಸಿದ್ದು ಅದೇ ಊರಲ್ವಾ?"